ಕುಡುಗೋಲು-ಕಣ ರೋಗವೂ ಹದಿನೆಂಟರ ಗಡಿಯೂ: ಒಂದು ಐತಿಹಾಸಿಕ ಪರಿಶೀಲನೆ

ಚರಿತ್ರೆಯನ್ನು ಅಭ್ಯಸಿಸುವವರಿಗೆ ಗಡಿಯೆಂಬುದು ಹೊಸ ವಿಷಯವಲ್ಲ. ಗದಗ ಪ್ರಾಂತದವರಿಗಂತೂ ಅದು ಮನೆಯ ಮಾತೇ ಸರಿ. ಗದಗ-ಬೆಟಗೇರಿ, ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ನೆರೆಯ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಒಳಪಟ್ಟಿದ್ದವು. 1948ರಲ್ಲಿ ಸಂಸ್ಥಾನಗಳು ವಿಲೀನಗೊಂಡವು. 1956ರಲ್ಲಿ ಈ ಭಾಗವೆಲ್ಲವೂ ಮೈಸೂರು ರಾಜ್ಯವನ್ನು ಸೇರಿತು. 1997ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾಯಿತು. ಒಂದು ಕಚೇರಿಯ ದಫ್ತರವು ಮತ್ತೊಂದು ಕಚೇರಿಗೆ ಸರಿಯಾಗಿ ಹೋಗಿ ಮುಟ್ಟದಿದ್ದರೆ ರೈತನ ಪಾಡೇನಾಗುವುದೆಂಬುದನ್ನು ಇಲ್ಲಿಯ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಭೂಪಟದಲ್ಲಿ ಕಾಣದ ಇಂಥದೇ ಒಂದು ಗಡಿಯು ವೈದ್ಯಕೀಯದಲ್ಲಿಯೂ ಇದೆ. ಅದು ಹದಿನೆಂಟು ವರ್ಷದ ಗಡಿ. ಕುಡುಗೋಲು-ಕಣ ರೋಗವುಳ್ಳ ತರುಣರು ಮಕ್ಕಳ ವೈದ್ಯರ ಕೈಯಿಂದ ದೊಡ್ಡವರ ವೈದ್ಯರ ಕೈಗೆ ದಾಟುವ ಈ ಗಡಿಯು ಹೇಗೆ ಹುಟ್ಟಿತೆಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಮೊದಲು ರೋಗದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುವುದು ಉಚಿತ. ರಕ್ತದ ಕೆಂಪು ಕಣಗಳಲ್ಲಿ ಪ್ರಾಣವಾಯುವನ್ನು ಹೊರುವ ಹಿಮೋಗ್ಲೋಬಿನ್ ಎಂಬ ದ್ರವ್ಯವಿದೆ. ಈ ರೋಗದಲ್ಲಿ ಆ ದ್ರವ್ಯದ ರಚನೆಯು ಹುಟ್ಟಿನಿಂದಲೇ ಬೇರೆಯಾಗಿರುತ್ತದೆ. ಪ್ರಾಣವಾಯುವನ್ನು ಬಿಟ್ಟುಕೊಟ್ಟ ಕಣಗಳು ದುಂಡಾಗಿ ಉಳಿಯದೆ ಕುಡುಗೋಲಿನಂತೆ ಬಾಗಿ ಗಡುಸಾಗುತ್ತವೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿ ತೀವ್ರ ನೋವನ್ನುಂಟುಮಾಡುತ್ತವೆ. ಬೇಗನೆ ನಾಶವಾಗಿ ರಕ್ತಹೀನತೆಯನ್ನು ತರುತ್ತವೆ. ತಂದೆ ತಾಯಿಗಳಿಬ್ಬರೂ ವಾಹಕರಾಗಿದ್ದರೆ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವವು ನಾಲ್ಕರಲ್ಲಿ ಒಂದು. ವಾಹಕರು ಮಾತ್ರ ಸಾಮಾನ್ಯವಾಗಿ ಆರೋಗ್ಯವಂತರಾಗಿಯೇ ಇರುತ್ತಾರೆ.

ಈ ರೋಗದ ಲಿಖಿತ ಚರಿತ್ರೆಯು ಒಬ್ಬ ಕಾಲೇಜು ವಿದ್ಯಾರ್ಥಿಯಿಂದಲೇ ಆರಂಭವಾಗುತ್ತದೆಂಬುದು ಗಮನಿಸತಕ್ಕ ಸಂಗತಿ. ವೆಸ್ಟ್ ಇಂಡೀಸಿನ ಗ್ರೆನೇಡಾ ದ್ವೀಪದಿಂದ ದಂತವೈದ್ಯವನ್ನು ಕಲಿಯಲೆಂದು ಶಿಕಾಗೊ ನಗರಕ್ಕೆ ಬಂದಿದ್ದ ವಾಲ್ಟರ್ ಕ್ಲೆಮೆಂಟ್ ನೋಯೆಲ್ ಎಂಬ ಇಪ್ಪತ್ತು ವರ್ಷದ ತರುಣನು 1904ರ ಡಿಸೆಂಬರಿನಲ್ಲಿ ಅಲ್ಲಿಯ ಆಸ್ಪತ್ರೆಯನ್ನು ಸೇರಿದನು. ಅವನ ರಕ್ತದಲ್ಲಿ ವಿಚಿತ್ರಾಕಾರದ ಕಣಗಳನ್ನು ಕಂಡವನು ಅರ್ನೆಸ್ಟ್ ಐರನ್ಸ್ ಎಂಬ ಕಿರಿಯ ವೈದ್ಯ. 1910ರಲ್ಲಿ ಅದನ್ನು ಪ್ರಕಟಿಸಿದವನು ಹಿರಿಯನಾದ ಜೇಮ್ಸ್ ಹೆರಿಕ್. ಅಷ್ಟರಲ್ಲಿ ನೋಯೆಲನು ವ್ಯಾಸಂಗವನ್ನು ಮುಗಿಸಿ ಸ್ವದೇಶಕ್ಕೆ ಮರಳಿ ವೃತ್ತಿಯನ್ನಾರಂಭಿಸಿದ್ದನು. 1916ರಲ್ಲಿ ಮೂವತ್ತೆರಡನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು. ಅವನ ಕಣಗಳು ವೈದ್ಯಗ್ರಂಥಗಳನ್ನು ಸೇರಿದವು. ಅವನು ಮಾತ್ರ ತನ್ನನ್ನು ಬಲ್ಲ ವೈದ್ಯರಿಂದ ದೂರವಾಗಿ ಬದುಕಿ ಸತ್ತನು. ಮುಂದೆ ಅನೇಕ ತರುಣರಿಗೆ ಒದಗಿದ ಸ್ಥಿತಿಯ ಮುನ್ಸೂಚನೆಯು ಈ ಮೊದಲ ರೋಗಿಯ ಬಾಳಿನಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ.

1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಅವನ ಸಹೋದ್ಯೋಗಿಗಳು ಇದು ಹಿಮೋಗ್ಲೋಬಿನ್ ಅಣುವಿನ ದೋಷವೆಂದು ತೋರಿಸಿದರು. 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬವರು ನೀಲಗಿರಿಯ ಗುಡ್ಡಗಾಡು ಜನರಲ್ಲಿ ಈ ಲಕ್ಷಣವನ್ನು ಗುರುತಿಸಿದರು. ನೀಲಗಿರಿಯು ಕನ್ನಡಕ್ಕೆ ತೀರ ನಿಕಟವಾದ ಬಡಗ ನುಡಿಯ ನೆಲ. ಆದುದರಿಂದ ಭಾರತದಲ್ಲಿ ಈ ರೋಗದ ಚರಿತ್ರೆಯು ಕನ್ನಡ ಸೀಮೆಯ ಅಂಚಿನಲ್ಲಿಯೇ ತೊಡಗಿತೆನ್ನಬಹುದು. ಅದೇ ವರ್ಷ ಅಸ್ಸಾಮಿನ ಚಹಾ ತೋಟದ ಕೂಲಿಗಾರರಲ್ಲಿಯೂ ಅದು ಕಂಡುಬಂದಿತು. ಅವರು ಬೇರೆ ಪ್ರಾಂತಗಳಿಂದ ವಲಸೆ ಹೋದವರು. ಆ ಕಾಲದ ವಿದ್ವಾಂಸರು ರಕ್ತವನ್ನು ಶಾಸನದಂತೆ ಓದಿದರು. ಯಾವ ಜನ ಎಲ್ಲಿಂದ ಬಂದರೆಂಬುದೇ ಅವರ ಮುಖ್ಯ ಪ್ರಶ್ನೆಯಾಗಿತ್ತು. ಭಾರತದಲ್ಲಿ ಈ ಗುಣವು ಸ್ವತಂತ್ರವಾಗಿ ಹುಟ್ಟಿತೆಂದು 1980ರ ದಶಕದ ಸಂಶೋಧನೆಗಳು ಸೂಚಿಸಿದವು; ಆಫ್ರಿಕದಲ್ಲಿ ಒಂದೇ ಮೂಲದಿಂದ ಹರಡಿತೆಂಬ ವಾದವು 2018ರಲ್ಲಿ ಮತ್ತೆ ಮುಂದೆ ಬಂದಿತು. ಮೂಲದ ಚರ್ಚೆ ಇಷ್ಟು ವಿಸ್ತಾರವಾಗಿ ನಡೆದರೂ, ರಕ್ತವನ್ನು ಕೊಟ್ಟವನ ಮುಂದಿನ ಬಾಳೇನಾಯಿತೆಂಬ ಪ್ರಶ್ನೆಯು ಬಹುಕಾಲ ಹಿಂದೆಯೇ ಉಳಿಯಿತು.

ಆ ಪ್ರಶ್ನೆ ಏಳಲು ಕಾರಣವೂ ಅಲ್ಪವಾಗಿತ್ತು. ರೋಗವುಳ್ಳ ಮಕ್ಕಳಲ್ಲಿ ಅನೇಕರು ಎಳವೆಯಲ್ಲಿಯೇ ಸಾಯುತ್ತಿದ್ದುದರಿಂದ ಇದನ್ನು ಮಕ್ಕಳ ರೋಗವೆಂದೇ ಬಗೆಯಲಾಗಿತ್ತು. ಎಳೆಯ ಮಕ್ಕಳಿಗೆ ಪೆನಿಸಿಲಿನ್ ಕೊಡುತ್ತ ಬಂದರೆ ಮಾರಕ ಸೋಂಕುಗಳು ಕಡಮೆಯಾಗುವುವೆಂದು 1986ರಲ್ಲಿ ಸಿದ್ಧವಾಯಿತು. ಹೈಡ್ರಾಕ್ಸಿಯೂರಿಯಾ ಎಂಬ ಔಷಧದಿಂದ ದೊಡ್ಡವರಲ್ಲಿ ನೋವಿನ ಸರದಿಗಳು ಇಳಿಯುವುವೆಂದು 1995ರಲ್ಲಿ ತಿಳಿದುಬಂದಿತು. ಮಕ್ಕಳು ಬದುಕಿ ಬೆಳೆದರು. ಬೆಳೆದುದರಿಂದಲೇ ಗಡಿಯು ಎದುರಾಯಿತು. ಅಮೆರಿಕದ ಡಲ್ಲಾಸ್ ನಗರದಿಂದ 2010ರಲ್ಲಿ ಪ್ರಕಟವಾದ ಅಧ್ಯಯನವು ಇದಕ್ಕೆ ಸಾಕ್ಷಿ. ಅಲ್ಲಿ ತೀವ್ರ ಸ್ವರೂಪದ ರೋಗವುಳ್ಳ ಮಕ್ಕಳಲ್ಲಿ ಶೇಕಡಾ 94ರಷ್ಟು ಮಂದಿ ಹದಿನೆಂಟು ವರ್ಷದವರೆಗೆ ಬದುಕುಳಿಯುತ್ತಿದ್ದರು. ಆದರೆ ಈಚಿನ ಮರಣಗಳು ಹೆಚ್ಚಾಗಿ ಹದಿನೆಂಟನ್ನು ದಾಟಿದವರಲ್ಲಿ, ಅದರಲ್ಲಿಯೂ ದೊಡ್ಡವರ ಚಿಕಿತ್ಸೆಗೆ ಹೋದ ಸ್ವಲ್ಪ ಕಾಲದಲ್ಲಿಯೇ, ಸಂಭವಿಸಿದ್ದವು. ಬಾಲ್ಯವನ್ನು ಗೆದ್ದ ವೈದ್ಯವು ಹೊಸ್ತಿಲಿನಲ್ಲಿ ಎಡವಿತು.

ನಮ್ಮ ದೇಶದ ಏರ್ಪಾಡುಗಳಲ್ಲಿಯೂ ಈ ಹೊಸ್ತಿಲು ಸ್ಪಷ್ಟವಾಗಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನವರಿಗಾಗಿ ಇರುವಂಥದು. 2016ರ ವಿಕಲಾಂಗ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಈ ರೋಗವನ್ನು ಅಂಗವಿಕಲತೆಯ ಪಟ್ಟಿಗೆ ಸೇರಿಸಿತು. ಆ ಹಕ್ಕಿಗೆ ವಯಸ್ಸಿನ ಮಿತಿಯಿಲ್ಲ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಉದ್ಘಾಟನೆಗೊಂಡ ರಾಷ್ಟ್ರೀಯ ನಿರ್ಮೂಲನ ಅಭಿಯಾನವು ಕರ್ನಾಟಕವೂ ಸೇರಿದಂತೆ 17 ರಾಜ್ಯಗಳಲ್ಲಿ ನಲವತ್ತು ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯನ್ನು ಉದ್ದೇಶಿಸಿತು. ತಪಾಸಣೆಯ ಎಣಿಕೆಯು ಹದಿನೆಂಟನ್ನು ಸುಲಭವಾಗಿ ದಾಟಬಲ್ಲುದು. ಚಿಕಿತ್ಸೆಯ ನಂಟು ಹಾಗೆ ತಾನಾಗಿ ದಾಟಲಾರದು.

ಕರ್ನಾಟಕದಲ್ಲಿ ಈ ರೋಗವು ಬಿಳಿಗಿರಿರಂಗನ ಬೆಟ್ಟದ ಸೋಲಿಗರೇ ಮೊದಲಾದ ದಕ್ಷಿಣದ ಅರಣ್ಯವಾಸಿಗಳಲ್ಲಿ ಮುಖ್ಯವಾಗಿ ಗುರುತಿಸಲ್ಪಟ್ಟಿದೆ. ಹಾಗಾದರೆ ಕಪ್ಪತಗುಡ್ಡದ ಸುತ್ತಣ ಬಯಲುಸೀಮೆಗೆ ಇದರ ಗೊಡವೆ ಏಕೆಂದು ಓದುಗರು ಕೇಳಬಹುದು. ಅಸ್ಸಾಮಿನ ಉದಾಹರಣೆಯೇ ಇದಕ್ಕೆ ಉತ್ತರ. ಜನರು ನಡೆದಲ್ಲಿಗೆ ರಕ್ತವೂ ನಡೆಯುತ್ತದೆ. ಮುಂಡರಗಿ, ಶಿರಹಟ್ಟಿಗಳ ಹಳ್ಳಿ ತಾಂಡಾಗಳಿಂದ ಗೋವೆಗೆ, ಮಂಗಳೂರಿಗೆ ಗುಳೆ ಹೋಗುವವರಿದ್ದಾರೆ. ಇತರ ಸೀಮೆಗಳಿಂದ ಗದಗಕ್ಕೆ ಓದಲು, ದುಡಿಯಲು ಬರುವವರೂ ಇದ್ದಾರೆ. ಪಿ.ಯು. ತರಗತಿಯನ್ನು ಮುಗಿಸಿ ಮನೆ ಬಿಟ್ಟು ವಸತಿಗೃಹವನ್ನು ಸೇರುವ ವಯಸ್ಸೂ, ಮಕ್ಕಳ ವೈದ್ಯನನ್ನು ಬಿಡುವ ವಯಸ್ಸೂ ಒಂದೇ. ಮಾತ್ರೆಯನ್ನು ನೆನಪಿಸುವ ತಾಯಿ, ಮೈಯ ಬಿಸಿ ನೋಡಿ ದವಾಖಾನೆಗೆ ಕರೆದೊಯ್ಯುವ ತಂದೆ, ಬಲ್ಲ ವೈದ್ಯ, ಈ ಮೂವರೂ ಒಮ್ಮೆಗೇ ದೂರವಾಗುತ್ತಾರೆ.

ಆದುದರಿಂದ ದಾಟುವಿಕೆಯು ಒಂದು ದಿನದ ಕಾರ್ಯವಾಗಬಾರದು. ಹನ್ನೆರಡು ಹದಿಮೂರರ ಹರೆಯದಿಂದಲೇ ಮಗುವಿಗೆ ತನ್ನ ರೋಗದ ಹೆಸರು, ಔಷಧದ ಪ್ರಮಾಣ, ನೀರಡಿಕೆ, ಚಳಿ, ಅತಿಶ್ರಮಗಳಿಂದಾಗುವ ಕೇಡು, ಜ್ವರ ಬಂದರೆ ತಡಮಾಡಬಾರದೆಂಬ ವಿವೇಕ, ಇವನ್ನು ಕಲಿಸಬೇಕು. ವೈದ್ಯನೊಡನೆ ಮಾತನಾಡುವುದನ್ನು ಹೆತ್ತವರು ಕ್ರಮೇಣ ಮಗುವಿಗೇ ಬಿಡಬೇಕು. ಹಿಂದಿನ ನೋವಿನ ಸರದಿಗಳು, ರಕ್ತ ಕೊಡಿಸಿದ ದಿನಗಳು, ಹಾಕಿಸಿದ ಲಸಿಕೆಗಳು, ಇಷ್ಟನ್ನೂ ಬರೆದ ಪತ್ರವು ಹೊಸ ವೈದ್ಯನ ಕೈಗೆ ಮುಟ್ಟಬೇಕು. ಸಾಧ್ಯವಾದಲ್ಲಿ ಹಳೆಯ ಹೊಸ ವೈದ್ಯರಿಬ್ಬರೂ ಒಮ್ಮೆ ಜೊತೆಗೆ ಕುಳಿತು ನೋಡಬೇಕು. ಮದುವೆ, ಬಸಿರುಗಳ ವಿಷಯದಲ್ಲಿ ಮುಚ್ಚುಮರೆಯಿಲ್ಲದ ಸಲಹೆ ದೊರೆಯಬೇಕು. ಅಧ್ಯಾಪಕರ ಪಾಲೂ ಇದರಲ್ಲಿದೆ. ನೋವಿನಿಂದ ತರಗತಿಗೆ ಬಾರದವನನ್ನು ಸೋಮಾರಿಯೆನ್ನದಿರುವುದು, ಪಾಠದ ನಡುವೆ ನೀರು ಕುಡಿಯಗೊಡುವುದು, ಹಾಜರಿಯಲ್ಲಿ ನ್ಯಾಯವಾದ ರಿಯಾಯಿತಿ ತೋರುವುದು, ಇವು ದೊಡ್ಡ ಖರ್ಚಿನ ಕೆಲಸಗಳಲ್ಲ.

ಸಂಸ್ಥಾನಗಳ ಗಡಿಗಳು ಅಳಿದು ಹೋದವು. ಹದಿನೆಂಟರ ಗಡಿಯು ಅಳಿಯತಕ್ಕದ್ದಲ್ಲ. ಬೆಳೆದವರಿಗೆ ಬೇರೆ ವೈದ್ಯರು ಬೇಕೇ ಬೇಕು. ಅಲ್ಲಿ ಬೇಕಾದುದು ದಫ್ತರವನ್ನೂ ತರುಣನನ್ನೂ ಒಟ್ಟಿಗೆ ಆಚೆ ಮುಟ್ಟಿಸುವ ಕೈ. ನೋಯೆಲನಿಗೆ ಆ ಕೈ ದೊರೆಯಲಿಲ್ಲ. ಅವನು ಶಿಕಾಗೊ ಆಸ್ಪತ್ರೆಯ ಮೆಟ್ಟಲು ಹತ್ತಿ ನೂರಿಪ್ಪತ್ತು ವರ್ಷಗಳು ಕಳೆದಿವೆ. ನಮ್ಮ ತರಗತಿಗಳಲ್ಲಿ ಕುಳಿತಿರಬಹುದಾದ ಅವನಂಥ ವಿದ್ಯಾರ್ಥಿಗಾದರೂ ಅದು ದೊರೆಯಲೆಂಬುದೇ ಈ ಪರಿಶೀಲನೆಯ ಆಶಯ.