ಮಕ್ಕಳ ಕಣ್ಣಿನ ಕ್ಯಾನ್ಸರ್ ಮತ್ತು ವಂಶವಾಹಿ ಪರೀಕ್ಷೆ: ಮನೆಮಂದಿ ತಿಳಿದಿರಬೇಕಾದದ್ದು



ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ಮಗುವಿನ ಒಂದು ಕಣ್ಣಿನ ಪಾಪೆ ಕೆಂಪಗೆ, ಇನ್ನೊಂದು ಬೆಳ್ಳಗೆ ಕಂಡರೆ ಕ್ಯಾಮೆರಾದ ದೋಷವೆಂದು ಬಿಟ್ಟುಬಿಡಬೇಡಿ. ಬಿಳಿ ಪಾಪೆಗೆ ಬೇರೆ ಕಾರಣಗಳೂ ಇರಬಹುದು. ಆದರೆ ರೆಟಿನೊಬ್ಲಾಸ್ಟೊಮಾ ಎಂಬ ಕಣ್ಣಿನ ಕ್ಯಾನ್ಸರಿನ ಮುಖ್ಯ ಗುರುತೂ ಅದೇ. ಹೊಸದಾಗಿ ಕಾಣಿಸಿಕೊಂಡ ಮೆಳ್ಳೆಗಣ್ಣು ಇನ್ನೊಂದು ಗುರುತು. ಹುಟ್ಟುವ ಸುಮಾರು 15,000ದಿಂದ 20,000 ಮಕ್ಕಳಲ್ಲಿ ಒಬ್ಬರಿಗೆ, ಬಹುತೇಕ 5 ವರ್ಷದೊಳಗೆ, ಈ ಕಾಯಿಲೆ ಬರುತ್ತದೆ. ಬೇಗ ಪತ್ತೆಯಾದರೆ ಜೀವ ಉಳಿಯುತ್ತದೆ. ಎಷ್ಟೋ ಸಲ ಕಣ್ಣೂ ಉಳಿಯುತ್ತದೆ.

ಚಿಕಿತ್ಸೆಯ ಜೊತೆಗೆ ವೈದ್ಯರು ವಂಶವಾಹಿ ಪರೀಕ್ಷೆ ಮಾಡಿಸಲು ಹೇಳುತ್ತಾರೆ. ‘ಕಾಯಿಲೆ ಗೊತ್ತೇ ಆಗಿದೆಯಲ್ಲ, ಮತ್ತೇಕೆ ರಕ್ತ ಕೊಡಬೇಕು?’ ಎಂದು ಮನೆಯವರಿಗೆ ಅನಿಸುವುದು ಸಹಜ. ಆ ಮಗುವಿನ ಮುಂದಿನ ಬದುಕಿಗೆ, ಅದರ ಜೊತೆಗೆ ಒಡಹುಟ್ಟಿದವರಿಗೆ ಮತ್ತು ಮುಂದೆ ಹುಟ್ಟಲಿರುವವರಿಗೆ ಈ ಪರೀಕ್ಷೆ ಬೇಕು.

ಕಾಯಿಲೆ ಬರುವ ಬಗೆ

ನಮ್ಮ 13ನೆಯ ವರ್ಣತಂತುವಿನಲ್ಲಿ ಆರ್‌ಬಿ1 ಎಂಬ ವಂಶವಾಹಿ ಇದೆ. ಜೀವಕೋಶ ಮಿತಿಮೀರಿ ಬೆಳೆಯದಂತೆ ಅದು ಬ್ರೇಕಿನ ಕೆಲಸ ಮಾಡುತ್ತದೆ. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಪ್ರತಿಗಳಿರುತ್ತವೆ. ಅಕ್ಷಿಪಟಲದ ಒಂದು ಕೋಶದಲ್ಲಿ ಎರಡೂ ಕೆಟ್ಟರೆ ಗಡ್ಡೆ ಹುಟ್ಟಬಹುದು. ಈ ‘ಎರಡು ಪೆಟ್ಟಿನ’ ವಿವರಣೆಯನ್ನು ಅಮೆರಿಕದ ವೈದ್ಯ ಆಲ್ಫ್ರೆಡ್ ನುಡ್ಸನ್ 1971ರಲ್ಲಿ ಮುಂದಿಟ್ಟರು. ವಂಶವಾಹಿ ಕೈಗೆ ಸಿಕ್ಕಿದ್ದು 1986ರಲ್ಲಿ.

ಸುಮಾರು 40 ಶೇಕಡಾ ಮಕ್ಕಳಲ್ಲಿ ಒಂದು ಪ್ರತಿ ಮೈಯ ಎಲ್ಲ ಕೋಶಗಳಲ್ಲೂ ಮೊದಲೇ ಕೆಟ್ಟಿರುತ್ತದೆ. ಇದು ಮುಂದಿನ ಪೀಳಿಗೆಗೆ ಹೋಗಬಲ್ಲ ಬಗೆ. ಎರಡೂ ಕಣ್ಣಿಗೆ ಬಂದಿದ್ದರೆ ಬಹುಮಟ್ಟಿಗೆ ಇದೇ ಬಗೆ ಎಂದು ತಿಳಿಯಬೇಕು. ಒಂದೇ ಕಣ್ಣಿಗೆ ಬಂದವರಲ್ಲೂ 100ರಲ್ಲಿ ಸುಮಾರು 15 ಮಕ್ಕಳದು ಇದೇ ಬಗೆ. ಆದ್ದರಿಂದ ‘ಒಂದೇ ಕಣ್ಣಲ್ಲವೇ, ವಂಶದ್ದಲ್ಲ’ ಎಂದು ಊಹಿಸುವಂತಿಲ್ಲ. ‘ನಮ್ಮ ಮನೆತನದಲ್ಲಿ ಯಾರಿಗೂ ಇರಲಿಲ್ಲ’ ಎಂಬ ಮಾತೂ ಸಾಲದು. ಹೆಚ್ಚಿನ ಕುಟುಂಬಗಳಲ್ಲಿ ಈ ದೋಷ ಆ ಮಗುವಿನಲ್ಲೇ ಹೊಸದಾಗಿ ಶುರುವಾಗಿರುತ್ತದೆ.

ಮೊದಲು ಯಾರ ರಕ್ತ?

ಕಾಯಿಲೆ ಬಂದ ಮಗುವಿನದೇ ಮೊದಲು. ಯಾವ ದೋಷವೆಂದು ಅಲ್ಲಿ ತಿಳಿದ ಮೇಲೆ ಅದನ್ನೇ ತಂದೆ, ತಾಯಿ, ಅಣ್ಣ, ತಂಗಿಯರಲ್ಲಿ ಹುಡುಕುತ್ತಾರೆ. ಆರೋಗ್ಯವಾಗಿರುವ ಮಗುವಿನಿಂದ ಶುರುಮಾಡಿ ‘ಏನೂ ಸಿಗಲಿಲ್ಲ’ ಎಂದು ವರದಿ ಬಂದರೆ ಅದರ ಮೇಲೆ ಭರವಸೆ ಇಡಲಾಗದು. ಒಂದೇ ಕಣ್ಣಿನ ಕಾಯಿಲೆಯಾಗಿ ಆ ಕಣ್ಣನ್ನು ತೆಗೆಯಬೇಕಾಗಿ ಬಂದರೆ, ಗಡ್ಡೆಯ ತುಣುಕನ್ನು ವಂಶವಾಹಿ ಪರೀಕ್ಷೆಗಾಗಿ ಕಾದಿರಿಸುವಂತೆ ಶಸ್ತ್ರಚಿಕಿತ್ಸೆಗೆ ಮೊದಲೇ ಕೇಳಿಕೊಳ್ಳಿ. ಗಡ್ಡೆಯಲ್ಲಿ ಕಂಡ ದೋಷವನ್ನು ರಕ್ತದಲ್ಲಿ ಹುಡುಕುವುದು ಹೆಚ್ಚು ಖಚಿತವಾದ ದಾರಿ.

ವರದಿ ಬಂದ ಮೇಲೆ

ಒಡಹುಟ್ಟಿದ ಮಗುವಿನಲ್ಲಿ ಆ ದೋಷ ಇಲ್ಲದಿದ್ದರೆ, ಅರಿವಳಿಕೆ ಕೊಟ್ಟು ಮತ್ತೆ ಮತ್ತೆ ಕಣ್ಣು ನೋಡಿಸುವ ತೊಂದರೆ ಅದಕ್ಕೆ ತಪ್ಪುತ್ತದೆ. ದೋಷ ಇದ್ದರೆ ಹುಟ್ಟಿದ ಮೊದಲ ವಾರಗಳಿಂದಲೇ ತಪಾಸಣೆ ಶುರುಮಾಡಿ, ಗಡ್ಡೆ ಸಾಸಿವೆಯಷ್ಟಿರುವಾಗಲೇ ಲೇಸರ್ ಅಥವಾ ಶೀತ ಚಿಕಿತ್ಸೆ ಕೊಡಬಹುದು. ತಂದೆತಾಯಿಯ ರಕ್ತದಲ್ಲಿ ಏನೂ ಕಾಣದಿದ್ದರೂ ಉಳಿದ ಮಕ್ಕಳ ಪರೀಕ್ಷೆ ಬಿಡಬಾರದು. ಕೆಲವರಲ್ಲಿ ದೋಷ ಮೈಯ ಕೆಲವೇ ಕೋಶಗಳಲ್ಲಿ ಅಡಗಿರುತ್ತದೆ.

ಈ ದೋಷವನ್ನು ಹೊತ್ತವರ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ 50 ಶೇಕಡಾ. ಅವರಿಗೆ ಮುಂದೆ ಮೂಳೆ, ಸ್ನಾಯು ಮುಂತಾದ ಕಡೆ ಬೇರೆ ಕ್ಯಾನ್ಸರ್ ಬರುವ ಅಪಾಯವೂ ಹೆಚ್ಚು. ಹೀಗಾಗಿ ಎಚ್ಚರ ಜೀವನಪೂರ್ತಿ ಬೇಕು. ಗರ್ಭದಲ್ಲಿರುವಾಗ ಇಂಥ ದೋಷವನ್ನು ಪರೀಕ್ಷಿಸಲು 1994ರ ಕಾಯ್ದೆ ನಿಯಮಗಳೊಳಗೆ ಅವಕಾಶ ಕೊಡುತ್ತದೆ; ಲಿಂಗ ತಿಳಿಸುವುದನ್ನು ಮಾತ್ರ ನಿಷೇಧಿಸುತ್ತದೆ.

ಯಾರ ತಪ್ಪೂ ಅಲ್ಲ

ಗ್ರಹಣದ ದಿನ ಬಸುರಿ ಹೊರಗೆ ಬಂದಿದ್ದಕ್ಕೆ ಹೀಗಾಯಿತು ಎನ್ನುವವರಿದ್ದಾರೆ. ಸೋದರಮಾವನನ್ನು ಮದುವೆಯಾದದ್ದೇ ಕಾರಣ ಎನ್ನುವವರೂ ಇದ್ದಾರೆ. ಎರಡೂ ಸರಿಯಲ್ಲ. ರಕ್ತಸಂಬಂಧದ ಮದುವೆಯಿಂದ ಹೆಚ್ಚುವ ಕಾಯಿಲೆಗಳು ಬೇರೆ ಇವೆ. ಇಲ್ಲಿ ಒಬ್ಬರಿಂದ ಬಂದ ಒಂದು ಪ್ರತಿ ಕೆಟ್ಟಿದ್ದರೆ ಸಾಕು. ಹೊಸದಾಗಿ ಹುಟ್ಟುವ ದೋಷಗಳಲ್ಲಿ ಹೆಚ್ಚಿನವು ತಂದೆಯಿಂದ ಬಂದ ವರ್ಣತಂತುವಿನಲ್ಲಿರುತ್ತವೆ ಎಂಬುದನ್ನೂ ಸೊಸೆಯನ್ನು ದೂರುವವರು ತಿಳಿಯಬೇಕು.

ಗಡಿಯಲ್ಲಿರುವ ನಮಗೆ

ಹೈದರಾಬಾದಿನ ಎಲ್.ವಿ. ಪ್ರಸಾದ್, ಚೆನ್ನೈಯ ಶಂಕರ ನೇತ್ರಾಲಯ, ಮಧುರೈಯ ಅರವಿಂದ್, ಬೆಂಗಳೂರಿನ ನಾರಾಯಣ ನೇತ್ರಾಲಯ ಈ ಕಾಯಿಲೆಯನ್ನು ನೋಡುವ ಕಣ್ಣಾಸ್ಪತ್ರೆಗಳು. ಎಲ್ಲಿಗೆ ಹೋದರೂ ವಂಶವಾಹಿ ಸಲಹೆಗಾರರೊಡನೆ ಮಾತಾಡಬೇಕೆಂದು ಕೇಳಿ. ಅಲ್ಲಿನ ಭಾಷೆ ಬಾರದಿದ್ದರೆ ಕನ್ನಡ ಬಲ್ಲವರನ್ನು ಜೊತೆಗೆ ಕೂರಿಸಿಕೊಳ್ಳಿ. ಅರ್ಥವಾಗದೆ ಸಹಿ ಹಾಕಬೇಡಿ.

ನಮ್ಮ ಕುಟುಂಬಗಳು ಎರಡು ಮೂರು ರಾಜ್ಯಗಳಲ್ಲಿ ಹಂಚಿಹೋಗಿವೆ. ಅಕ್ಕಲಕೋಟೆಯಲ್ಲಿರುವ ಅಣ್ಣನ ಮಗುವಿನ ವರದಿ ಆದವಾನಿಗೆ ಕೊಟ್ಟ ತಂಗಿಯ ಬಾಣಂತನದಲ್ಲಿ ಬೇಕಾಗಬಹುದು. ಆದ್ದರಿಂದ ವರದಿಯ ಪ್ರತಿಯನ್ನು ಹತ್ತಿರದ ರಕ್ತಸಂಬಂಧಿಗಳಿಗೆ ಕೊಟ್ಟಿಡಿ. ಬಾಲ್ಯದಲ್ಲಿ ಈ ಕಾಯಿಲೆಯಿಂದ ಕಣ್ಣು ಕಳೆದುಕೊಂಡು ಈಗ ಮದುವೆಯ ವಯಸ್ಸಿಗೆ ಬಂದವರೂ ನಮ್ಮ ನಡುವೆ ಇರಬಹುದು. ಸಂಬಂಧ ಕೂಡಿಬರಲೆಂದು ಆ ಸಂಗತಿಯನ್ನು ಮುಚ್ಚಿಟ್ಟರೆ ನಷ್ಟ ಅನುಭವಿಸುವುದು ಹುಟ್ಟಲಿರುವ ಕೂಸು. ಅವರು ಈಗಲೇ ಪರೀಕ್ಷೆ ಮಾಡಿಸಿಕೊಂಡರೆ, ಕೂಸಿನ ಕಣ್ಣನ್ನು ಮೊದಲ ವಾರದಲ್ಲೇ ತೋರಿಸಬೇಕೇ ಬೇಡವೇ ಎಂಬುದು ಹೆರಿಗೆಗೆ ಮುಂಚೆಯೇ ಗೊತ್ತಿರುತ್ತದೆ.