ಬೆಂಗಳೂರಿನ ತವರೂರು

ಬೆಂಗಳೂರಿನ ಅವೆನ್ಯೂ ರಸ್ತೆ ಕೆಂಪೇಗೌಡ ರಸ್ತೆಯನ್ನು ಬಂದು ಕೂಡುವ ಕಡೆ, ಮೈಸೂರು ಬ್ಯಾಂಕ್ ವೃತ್ತದಲ್ಲಿ, ಒಂದು ಹನುಮಂತನ ಗುಡಿಯಿದೆ. ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಗಿ, ಈಗ ಹೆಸರು ಮಾತ್ರ ವೃತ್ತಕ್ಕೆ ಉಳಿದಿದೆ. ಗುಡಿಯ ದೇವರಿಗೂ ಅಂಥದೇ ಒಂದು ಹೆಸರು: ಯಲಹಂಕ ಗೇಟ್ ಆಂಜನೇಯಸ್ವಾಮಿ. ಕಳೆದ ವರ್ಷ ವಿದ್ಯಾರ್ಥಿಗಳನ್ನು ಹಳೆಯ ಪೇಟೆ ತೋರಿಸಲು ಕರೆದುಕೊಂಡು ಹೋಗಿದ್ದಾಗ ಅವರಲ್ಲೊಬ್ಬಳು ಫಲಕವನ್ನು ಓದಿ, “ಸರ್, ಯಲಹಂಕ ಇಲ್ಲಿಂದ ಹದಿನೈದು ಕಿಲೋಮೀಟರ್ ಇದೆ. ಅದರ ಗೇಟು ಇಲ್ಲಿಗ್ಯಾಕೆ ಬಂತು?” ಎಂದು ಕೇಳಿದಳು. ಉಳಿದವರು ನಕ್ಕರು. ನನಗೆ ನಗಬೇಕೆನಿಸಲಿಲ್ಲ. ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ಯಲಹಂಕದಲ್ಲೇ ಮನೆ ಮಾಡಿಕೊಂಡಿರುವ ನಾನು ಆ ಗುಡಿಯ ಮುಂದೆ ನೂರಾರು ಸಲ ಹಾದುಹೋಗಿದ್ದರೂ ಆ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡವನಲ್ಲ.

ಉತ್ತರವೇನೋ ಸುಲಭವಾದದ್ದೇ. ಊರಬಾಗಿಲಿಗೆ ಅದು ಯಾವ ಊರಿನ ಕಡೆಗೆ ತೆರೆಯುತ್ತದೆಯೋ ಆ ಊರಿನ ಹೆಸರನ್ನಿಡುವುದು ಹಿಂದಿನವರ ಪದ್ಧತಿ. ಕೆಂಪೇಗೌಡನು 1537ರಲ್ಲಿ ಕಟ್ಟಿಸಿದನೆನ್ನುವ ಪೇಟೆಗೆ ಮೂಡಲಲ್ಲಿ ಹಲಸೂರು ಬಾಗಿಲು, ಪಡುವಲಲ್ಲಿ ಸೊಂಡೆಕೊಪ್ಪದ ಬಾಗಿಲು, ಬಡಗಲಲ್ಲಿ ಯಲಹಂಕದ ಬಾಗಿಲು. ಹಲಸೂರು ಬಾಗಿಲು ಹೋಗಿ ಪೊಲೀಸ್ ಠಾಣೆಯೊಂದರ ಹೆಸರಾಗಿದೆ. ಯಲಹಂಕದ ಬಾಗಿಲನ್ನು ಹನುಮಂತನು ಕಾಪಾಡಿದ್ದಾನೆ, ಹೆಸರಿನ ಮಟ್ಟಿಗಾದರೂ. ಆದರೆ ಉಳಿದ ಬಾಗಿಲುಗಳಿಗೂ ಇದಕ್ಕೂ ಒಂದು ಅಂತರವುಂಟು. ಅವು ನೆರೆಯೂರುಗಳ ಕಡೆಗೆ ತೆರೆದವು. ಇದು ಕಟ್ಟಿದವನ ಸ್ವಂತ ಮನೆಯ ಕಡೆಗೆ ತೆರೆದದ್ದು.

ಆ ಮನೆಗೂ ಮೊದಲೊಂದು ಮನೆಯಿದ್ದಿತು. ದೇವನಹಳ್ಳಿಯನ್ನು ದಾಟಿ ಚಿಕ್ಕಬಳ್ಳಾಪುರದ ದಾರಿ ಹಿಡಿದರೆ ಆವತಿ ಎಂಬ ಹಳ್ಳಿ ಸಿಗುತ್ತದೆ. ಈ ವಂಶದ ಹಿರಿಯನಾದ ರಣಭೈರೇಗೌಡನು ಕಂಚಿಯ ಸೀಮೆಯಿಂದ ತನ್ನ ತಮ್ಮಂದಿರೊಡನೆ ಬಂದು ನೆಲೆಸಿದ್ದು ಅಲ್ಲಿ. ಆತನ ಮಗಳನ್ನು ಅಲ್ಲಿನ ಪಾಳೆಯಗಾರನೊಬ್ಬನು ಬಯಸಿದನಂತೆ. ಹೆಣ್ಣು ಕೊಡಲು ಒಲ್ಲದೆ ಕುಟುಂಬವೆಲ್ಲ ರಾತ್ರೋರಾತ್ರಿ ಬಂಡಿ ಕಟ್ಟಿಕೊಂಡು ಹೊರಟಿತಂತೆ. ಮುಂದೆ ನೋಡಿದರೆ ಪಾಲಾರ್ ಹೊಳೆ ತುಂಬಿ ಹರಿಯುತ್ತಿದೆ, ಹಿಂದೆ ಬೆನ್ನಟ್ಟಿ ಬರುವವರ ಸದ್ದು. ಆಗ ಆ ಹುಡುಗಿಯೇ ಗಂಗಮ್ಮನಿಗೆ ಕೈಮುಗಿದು ತನ್ನ ಕಿವಿಯ ಓಲೆಯನ್ನು ಬಿಚ್ಚಿ ನೀರಿಗೆ ಹಾಕಿದಳು, ಹೊಳೆ ಇಬ್ಭಾಗವಾಗಿ ದಾರಿ ಬಿಟ್ಟಿತು ಎಂದು ಕಥೆ. ಹೊಳೆ ದಾರಿ ಬಿಡುವ ಕಥೆ ನಮ್ಮಲ್ಲಿ ಹೊಸದಲ್ಲ. ವಸುದೇವನಿಗೆ ಯಮುನೆ ಬಿಟ್ಟಿದ್ದಾಳೆ. ಆದರೆ ಇಲ್ಲಿ ಬೆಲೆ ತೆತ್ತವಳು ಒಬ್ಬ ಹೆಣ್ಣುಮಗಳು, ತೆತ್ತದ್ದು ಕಿವಿಯ ಓಲೆ. ಬೆಂಗಳೂರಿನ ಸ್ಥಾಪನೆಯ ವಿಷಯದಲ್ಲಿ ಎಲ್ಲರೂ ನಾಯಿಯನ್ನು ಅಟ್ಟಿಸಿಕೊಂಡು ಹೋದ ಮೊಲದ ಕಥೆಯನ್ನು ಹೇಳುತ್ತಾರೆ. ನನ್ನನ್ನು ಕೇಳಿದರೆ ಓಲೆಯ ಕಥೆಯನ್ನೇ ಮೊದಲು ಹೇಳಬೇಕು.

ಆವತಿಯಿಂದ ಈ ವಂಶದ ಕವಲುಗಳು ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳಿಗೆ ಹರಡಿದವು. ಯಲಹಂಕಕ್ಕೆ ಬಂದವನು ಜಯಗೌಡ. ವಿಜಯನಗರದ ಅರಸರಿಗೆ ಅಧೀನನಾಗಿ ಆತನು ಯಲಹಂಕ ನಾಡಪ್ರಭುವಾದದ್ದು 1418ರಲ್ಲಿ ಎಂದು ಸಂಪ್ರದಾಯ. ಈ ಮನೆತನದ ಇಸವಿಗಳನ್ನು ಮಾತ್ರ ಓದುಗರು ಸ್ವಲ್ಪ ಎಚ್ಚರಿಕೆಯಿಂದ ಸ್ವೀಕರಿಸಬೇಕು. ಕೆಂಪೇಗೌಡನು 1510ರಲ್ಲಿ ಹುಟ್ಟಿದನೆಂದೂ 1513ರಿಂದ 1569ರವರೆಗೆ ಆಳಿದನೆಂದೂ ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಎರಡೂ ನಿಜವಾದರೆ ಮೂರು ವರ್ಷದ ಕೂಸಿಗೆ ಪಟ್ಟವಾಗಿರಬೇಕು. ಆತನ ತಂದೆ ಕೆಂಪನಂಜೇಗೌಡನಿಗೋ ಸಂಪ್ರದಾಯವು ಎಪ್ಪತ್ತು ವರ್ಷದ ಆಳ್ವಿಕೆಯನ್ನು ಧಾರಾಳವಾಗಿ ದಯಪಾಲಿಸಿದೆ. ವಂಶಾವಳಿ ಬರೆದವರಿಗೆ ಮನೆತನದ ಮೇಲಿದ್ದ ಭಕ್ತಿ ಲೆಕ್ಕದ ಮೇಲೆ ಇದ್ದಂತೆ ಕಾಣುವುದಿಲ್ಲ.

ಹಾಗೆಂದು ಯಲಹಂಕದ ಚರಿತ್ರೆ ಈ ಪ್ರಭುಗಳಿಂದಲೇ ಆರಂಭವಾಯಿತೆಂದು ತಿಳಿಯಬಾರದು. ಚೋಳರ ಕಾಲದ ತಮಿಳು ಶಾಸನಗಳಲ್ಲಿ ‘ಇಲೈಪ್ಪಾಕ್ಕ ನಾಡು’ ಬರುತ್ತದೆ. ಅದೇ ಮುಂದೆ ಯಲಹಂಕ ನಾಡು. ಇನ್ನೂ ಹಿಂದಕ್ಕೆ ಹೋಗಬೇಕಾದರೆ ಅದೇ ಬಡಗಣ ಹಾದಿಯಲ್ಲಿ, ಪೇಟೆಗೂ ಯಲಹಂಕಕ್ಕೂ ನಡುವಣ ಹೆಬ್ಬಾಳದಲ್ಲಿ ಇಳಿಯಬೇಕು. ಮೇಲ್ಸೇತುವೆಯ ಕೆಳಗೆ ಬಸ್ಸಿಗಾಗಿ ಕಾಯುತ್ತ ನಿಂತವರಿಗೆ ಇದು ಹಳೆಯ ಊರೆಂದು ಹೇಳಿದರೆ ನಂಬುವುದು ಕಷ್ಟ. 2018ರಲ್ಲಿ ಅಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು, ಈಗಿನ ಬೆಂಗಳೂರಿನ ಎಲ್ಲೆಯೊಳಗೆ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಅತ್ಯಂತ ಹಳೆಯದೆಂದು ಇದನ್ನು ಗಣಿಸಿದ್ದಾರೆ. ಕಿತ್ತಯ್ಯನೆಂಬ ವೀರನು ಹೋರಾಡಿ ಸತ್ತುದನ್ನು ಅದು ಹೇಳುತ್ತದೆ. ಆ ಪ್ರದೇಶಕ್ಕೆ ಅದು ಕೊಡುವ ಹೆಸರು ಪೆರ್ಬೊಳಲ್ ನಾಡು. ಪೆರ್ ಎಂದರೆ ಹಿರಿದು, ಪೊಳಲ್ ಎಂದರೆ ಪಟ್ಟಣ. ಪಕಾರ ಹಕಾರವಾಗುವ ನಮ್ಮ ನುಡಿಯ ನಿಯಮದಂತೆ ಪೆರ್ಬೊಳಲು ಹೆಬ್ಬೊಳಲಾಗಿ, ಹೆಬ್ಬಾಳವಾಯಿತು. ತರಗತಿಯಲ್ಲಿ ಹಾಲು, ಹೂವು, ಹುಲಿಗಳನ್ನೇ ಉದಾಹರಣೆಗೆ ಕೊಟ್ಟು ಬೇಸತ್ತಿದ್ದ ನನಗೆ ಈ ಶಾಸನ ಸಿಕ್ಕಿದ್ದು ಒಂದು ಹಬ್ಬವೇ ಆಯಿತು. 1537ಕ್ಕೆ ಎಂಟುನೂರು ವರ್ಷ ಹಿಂದೆಯೇ ಇಲ್ಲಿನವರು ತಮ್ಮ ಊರನ್ನು ‘ದೊಡ್ಡ ಪಟ್ಟಣ’ವೆಂದು ಕರೆದುಕೊಳ್ಳುತ್ತಿದ್ದರೆಂಬುದನ್ನು ಬೆಂಗಳೂರಿಗರು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು.

ಆ ಕಲ್ಲಿಗೆ ನಾಗರಿಕರೇ ಮುಂದೆ ನಿಂತು ಮಂಟಪವೊಂದನ್ನು ಕಟ್ಟಿಸಿದ್ದಾರೆ. ಎಲ್ಲ ಕಲ್ಲುಗಳಿಗೂ ಆ ಪುಣ್ಯವಿಲ್ಲ. ಬಿ. ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಸಂಪುಟವಾಗಿ ಹೊರತಂದದ್ದು 1905ರಲ್ಲಿ. ಅದನ್ನು ಕೈಯಲ್ಲಿ ಹಿಡಿದು ಹೊರಟರೆ ‘ಊರ ಮುಂದಿನ ಹೊಲದಲ್ಲಿ’ ಎಂದಿರುವ ಕಡೆ ಬಡಾವಣೆ, ‘ಕೆರೆಯ ಏರಿಯ ಮೇಲೆ’ ಎಂದಿರುವ ಕಡೆ ರಸ್ತೆ. ಪುಸ್ತಕದಲ್ಲಿ ಮಾತ್ರ ಉಳಿದಿರುವ ಕಲ್ಲುಗಳು ಅನೇಕ. ಉಳಿದವುಗಳನ್ನು ಮಿಥಿಕ್ ಸೊಸೈಟಿಯವರು ಈಚಿನ ವರ್ಷಗಳಲ್ಲಿ ಒಂದೊಂದಾಗಿ ಹುಡುಕಿ, ಅಕ್ಷರದ ಆಳವೂ ಕಾಣುವಂತೆ ಯಂತ್ರದಿಂದ ಪ್ರತಿಮಾಡಿ ಇಡುತ್ತಿದ್ದಾರೆ.

ಯಲಹಂಕದ ಪ್ರಭುವು ಯಲಹಂಕವನ್ನು ಬಿಟ್ಟು ಹೊಸ ಪಟ್ಟಣವನ್ನೇಕೆ ಕಟ್ಟಿಸಿದನು? ಮೊಲವನ್ನು ಬದಿಗಿಟ್ಟು ನೋಡಿದರೆ ಕಾರಣ ವ್ಯಾಪಾರದ್ದೆಂದೇ ತೋರುತ್ತದೆ. ಪೇಟೆಯ ವಿನ್ಯಾಸವೇ ಅದನ್ನು ಹೇಳುತ್ತದೆ: ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂದು ಒಂದೊಂದು ಕಸುಬಿಗೆ ಒಂದೊಂದು ಬೀದಿ. ಹಂಪೆಯನ್ನು ಕಣ್ಣಾರೆ ಕಂಡವನಿಗೆ ಅಂಥದೊಂದು ಪಟ್ಟಣ ತನಗೂ ಬೇಕೆನಿಸಿದ್ದು ಸಹಜ. ಅಚ್ಯುತದೇವರಾಯನು 30,000 ವರಹ ಹುಟ್ಟುವಳಿಯ ಹನ್ನೆರಡು ಹೋಬಳಿಗಳನ್ನು ಆತನಿಗೆ ಬಿಟ್ಟುಕೊಟ್ಟನೆನ್ನುತ್ತಾರೆ. ಮುಂದೆ ಸ್ವಂತ ನಾಣ್ಯವನ್ನು ಟಂಕಿಸಿದ ತಪ್ಪಿಗೆ ಆತನು ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿದ್ದನೆಂದೂ ಕೇಳಿಬರುತ್ತದೆ. ತನ್ನ ಜನರಾದ ಮೊರಸು ಒಕ್ಕಲಿಗರಲ್ಲಿ ಹೆಂಗಸರ ಎಡಗೈಯ ಬೆರಳುಗಳನ್ನು ದೇವರಿಗೆ ಕತ್ತರಿಸಿಕೊಡುವ ಪದ್ಧತಿಯೊಂದಿತ್ತು. ಅದನ್ನು ಆತನು ನಿಷೇಧಿಸಿದನೆಂಬ ಮಾತೂ ಇದೆ. ಪೇಟೆ ಕಟ್ಟಿಸಿದ್ದಕ್ಕಿಂತ ಇದು ಸಣ್ಣ ಕೆಲಸವೆಂದು ನಾನು ತಿಳಿಯುವುದಿಲ್ಲ. ಇನ್ನೊಂದು ವಿಷಯ, ಕನ್ನಡ ಮೇಷ್ಟರಾದ ನನಗೆ ತುಸು ಮುಜುಗರದ್ದು: ಕೆಂಪೇಗೌಡನ ಹೆಸರಿನಲ್ಲಿ ಒಂದು ಯಕ್ಷಗಾನ ಕೃತಿಯೂ ಇದೆ, ‘ಗಂಗಾಗೌರೀವಿಲಾಸ’, ಅದು ತೆಲುಗಿನಲ್ಲಿದೆ.

ಬೆಂಗಳೂರು ಈ ವಂಶದ ಕೈಯಲ್ಲಿ ಉಳಿದದ್ದು ನೂರೊಂದು ವರ್ಷ ಮಾತ್ರ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನು ಅದನ್ನು ಗೆದ್ದುಕೊಂಡನು. ಪ್ರಭುಗಳು ಮಾಗಡಿಗೆ ಸರಿದರು. 1728ರಲ್ಲಿ ಮೈಸೂರಿನವರು ಮಾಗಡಿಯನ್ನೂ ಸಾವನದುರ್ಗವನ್ನೂ ಹಿಡಿದ ಮೇಲೆ ಅದೂ ಮುಗಿಯಿತು. ಇಲ್ಲಿ ಗಮನಿಸತಕ್ಕದ್ದು ಒಂದುಂಟು. ಅವರು ಬೆಂಗಳೂರಿನಲ್ಲಿದ್ದಾಗಲೂ, ಬಳಿಕ ಮಾಗಡಿಯಲ್ಲಿದ್ದಾಗಲೂ, ತಮ್ಮನ್ನು ಯಲಹಂಕ ನಾಡಪ್ರಭುಗಳೆಂದೇ ಕರೆದುಕೊಂಡರು. ಬೆಂಗಳೂರಿನ ಪ್ರಭುಗಳೆನ್ನಿಸಿಕೊಳ್ಳುವ ಆಸೆ ಅವರಿಗೆ ಹುಟ್ಟಲಿಲ್ಲ.

ಈಗ ಯಲಹಂಕವನ್ನು ನೋಡಬೇಕೆನ್ನುವವರು ಏನನ್ನು ನೋಡಬಹುದು? ಹಳೆಯ ಊರಿನಲ್ಲಿ ಕೋಟೆಯ ಹೆಸರಿನ ಇಕ್ಕಟ್ಟಾದ ಬೀದಿಗಳು, ವೇಣುಗೋಪಾಲಸ್ವಾಮಿಯ ಗುಡಿ, ಸಂತೆ ಸರ್ಕಲ್ಲು. 250 ಎಕರೆಗೂ ಮಿಗಿಲಾದ ದೊಡ್ಡ ಕೆರೆ. ಅದಕ್ಕಿಂತ ಚಿಕ್ಕದಾದ ಪುಟ್ಟೇನಹಳ್ಳಿಯ ಕೆರೆಯನ್ನು ಪಕ್ಷಿಗಳಿಗಾಗಿ ಕಾಯ್ದಿರಿಸಿದ್ದಾರೆ. ಬಣ್ಣದ ಕೊಕ್ಕರೆಗಳು ಅಲ್ಲಿ ಗೂಡು ಕಟ್ಟುತ್ತವೆ. ಇನ್ನುಳಿದದ್ದು ಹೊಸ ಕಾಲದ್ದು. ಎರಡನೆಯ ಮಹಾಯುದ್ಧದ ಕಾಲದ ವಿಮಾನ ನೆಲೆಯಲ್ಲಿ 1996ರಿಂದ ಎರಡು ವರ್ಷಕ್ಕೊಮ್ಮೆ ವೈಮಾನಿಕ ಪ್ರದರ್ಶನ ನಡೆಯುತ್ತ ಬಂದಿದೆ. ಆ ದಿನಗಳಲ್ಲಿ ಪಾಠ ಮಾಡುವುದು ವ್ಯರ್ಥ, ಕಿವಿಯೂ ಕಣ್ಣೂ ಆಕಾಶದಲ್ಲಿರುತ್ತವೆ. ರೈಲ್ವೆ ಗಾಲಿ ಕಾರ್ಖಾನೆಯನ್ನು ಇಂದಿರಾ ಗಾಂಧಿಯವರು 1984ರ ಸೆಪ್ಟೆಂಬರ್ 15ರಂದು ಉದ್ಘಾಟಿಸಿದರು. ಅವರ ಹತ್ಯೆಯಾದದ್ದು ಅದಾಗಿ ಒಂದೂವರೆ ತಿಂಗಳಿಗೆ. ಗೃಹಮಂಡಳಿಯವರು ಕಟ್ಟಿದ ಉಪನಗರ ಬಂದ ಮೇಲೆ ಮೂಲ ಊರು ‘ಓಲ್ಡ್ ಟೌನ್’ ಆಯಿತು. ಐನೂರು ವರ್ಷ ಬರಿಯ ಯಲಹಂಕವಾಗಿದ್ದುದು ಹೊಸದೊಂದು ಪಕ್ಕದಲ್ಲಿ ಬಂದು ಕೂತದ್ದರಿಂದ ಹಳೆಯದಾಯಿತು.

ನಾನು 2003ರಲ್ಲಿ ಇಲ್ಲಿಗೆ ಬಂದಾಗ ಯಲಹಂಕಕ್ಕೆ ತನ್ನದೇ ನಗರಸಭೆಯಿದ್ದಿತು. ಅದು ಆದರ್ಶ ಆಡಳಿತವಾಗಿತ್ತೆಂದು ಹೇಳಲಾರೆ. ನಲ್ಲಿಯಲ್ಲಿ ನೀರು ಬಾರದಿದ್ದರೆ ಹೋಗಿ ಜಗಳವಾಡುತ್ತಿದ್ದೆವು. ಆದರೆ ಜಗಳವಾಡಲು ನಡೆದೇ ಹೋಗಬಹುದಾಗಿತ್ತು, ಜಗಳವಾಡಿದ ಸದಸ್ಯರು ಸಂಜೆ ಸಂತೆ ಸರ್ಕಲ್ಲಿನಲ್ಲಿ ಸಿಕ್ಕಿ, “ಏನ್ ಮೇಷ್ಟ್ರೇ, ನೀರು ಬಂತಾ?” ಎಂದು ಕೇಳುತ್ತಿದ್ದರು. 2007ರಲ್ಲಿ ಏಳು ನಗರಸಭೆಗಳನ್ನೂ ಕೆಂಗೇರಿಯ ಪುರಸಭೆಯನ್ನೂ ನೂರಕ್ಕೂ ಹೆಚ್ಚು ಹಳ್ಳಿಗಳನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ಮಾಡಿದರು. ತವರುಮನೆಯನ್ನು ಮಗಳ ಸಂಸಾರಕ್ಕೆ ಒಂದು ಕೋಣೆಯಾಗಿ ಸೇರಿಸಿಕೊಂಡಂತಾಯಿತು. ಆ ಬೃಹತ್ ಸಂಸಾರವೂ ಹದಿನೆಂಟು ವರ್ಷಕ್ಕೆ ಹಿಸ್ಸೆಯಾಗಿ, 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳಾದವು. ಯಲಹಂಕವು ಉತ್ತರದ ಪಾಲಿಗೆ ಬಂದಿದೆ.

ಊರು ಮರೆತದ್ದನ್ನು ನೀರು ಮರೆಯುವುದಿಲ್ಲ. 2021ರ ನವೆಂಬರಿನ ಮಳೆಗೆ ಕೆರೆಗಳು ಕೋಡಿ ಬಿದ್ದಾಗ ಇಲ್ಲಿನ ದೊಡ್ಡ ವಸತಿ ಸಮುಚ್ಚಯವೊಂದರೊಳಗೆ ನೀರು ನುಗ್ಗಿ, ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರಕ್ಕೆ ತರಬೇಕಾಯಿತು. ಇಂಥ ಕೆರೆಯಿಂದ ಇಂಥ ಕೆರೆಗೆ ನೀರು ಇಂಥ ದಾರಿಯಲ್ಲಿ ಹೋಗುತ್ತದೆ ಎನ್ನುವುದು ಊರಿನ ಮುದುಕರಿಗೆ ಗೊತ್ತಿದ್ದ ಸಂಗತಿ. ನಕ್ಷೆ ಮಂಜೂರು ಮಾಡುವ ಮೇಜು ಊರಿನಿಂದ ದೂರವಾದಷ್ಟೂ ಆ ಮುದುಕರನ್ನು ಕೇಳುವವರು ಕಡಮೆಯಾಗುತ್ತಾರೆ. ಚರಿತ್ರೆಯೆಂದರೆ ಪ್ರಭುಗಳ ವಂಶಾವಳಿ ಮಾತ್ರವೆಂದು ತಿಳಿದಿದ್ದ ನಾನು, ಆ ವಾರ ಮೊಣಕಾಲುದ್ದ ನೀರಿನಲ್ಲಿ ನಿಂತು, ಕೆರೆಗಳ ವಂಶಾವಳಿಯನ್ನೂ ಕಲಿಯಬೇಕಾಗಿತ್ತೆಂದು ಅಂದುಕೊಂಡೆ.

ಗೇಟಿನ ಪ್ರಶ್ನೆ ಕೇಳಿದ ಹುಡುಗಿ ಒಂದು ಭಾನುವಾರ ಗೆಳತಿಯೊಡನೆ ಯಲಹಂಕಕ್ಕೆ ಬಂದಳು. ವೇಣುಗೋಪಾಲನ ದರ್ಶನ ಮಾಡಿಸಿ ಕೋಟೆಯ ಬೀದಿಗೆ ಕರೆತಂದೆ. ಆಕೆ ಎಡಕ್ಕೂ ಬಲಕ್ಕೂ ನೋಡಿ, “ಕೋಟೆ ಎಲ್ಲಿ ಸರ್?” ಎಂದಳು. ನಾನು ಉತ್ತರ ಹುಡುಕುತ್ತಿರುವಾಗ ಜಗಲಿಯ ಮೇಲೆ ಕೂತಿದ್ದ ವೃದ್ಧರೊಬ್ಬರು, “ನೀನು ನಿಂತಿರೋದೇ ಕೋಟೆ ಒಳಗೆ ಕಣಮ್ಮ. ಯಾವೂರಿಂದ ಬಂದೆ?” ಎಂದು ಕೇಳಿದರು.

“ಚಾಮರಾಜಪೇಟೆಯಿಂದ, ತಾತ.”

“ಓ, ಬೆಂಗಳೂರಿಂದ ಬಂದಿದೀಯ,” ಎಂದರು ಅವರು. ಒಳಗೆ ತಿರುಗಿ, ಬೆಂಗಳೂರಿನವರು ಬಂದಿದ್ದಾರೆ, ಕುಡಿಯಲು ಒಂದಿಷ್ಟು ನೀರು ತರುವಂತೆ ಸೊಸೆಯನ್ನು ಕೂಗಿದರು.