ಪ್ರತಿಬಿಂಬಿತ ಜಾಲಸಂಚಾರದಲ್ಲಿ ಪ್ಯಾಕೆಟ್ಟುಗಳ ಲೋಪ: ಕೋಲಾರ ಸೀಮೆಯ ತಾಲ್ಲೂಕು ಜಾಲಗಳನ್ನು ಮುಂದಿಟ್ಟು ಒಂದು ವಿಚಾರ

ಭಾರತ ಸರ್ಕಾರವು ೨೦೦೫ರಲ್ಲಿ ಅನುಮೋದಿಸಿದ ರಾಜ್ಯವ್ಯಾಪಿ ಜಾಲದ ಯೋಜನೆಯು, ರಾಜಧಾನಿಯಿಂದ ಜಿಲ್ಲಾಕೇಂದ್ರಕ್ಕೂ ಅಲ್ಲಿಂದ ತಾಲ್ಲೂಕುಕೇಂದ್ರಕ್ಕೂ ಸೆಕೆಂಡಿಗೆ ಕನಿಷ್ಠ ೨ ಮೆಗಾಬಿಟ್ ಸಾಮರ್ಥ್ಯದ ಸಂಪರ್ಕವಿರತಕ್ಕದ್ದೆಂದು ವಿಧಿಸಿತು. ಕರ್ನಾಟಕದಲ್ಲಿ ಕೆಸ್ವಾನ್ ಎಂದು ಹೆಸರಾದ ಜಾಲವು ಈ ಮಾದರಿಯದೇ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳು ಅದರಲ್ಲಿ ಕೋಲಾರದ ಕೆಳಗಿನ ಶಾಖೆಗಳು. ಪಹಣಿಗಾಗಿ ಬಂದ ರೈತನು ಕಿಟಕಿಯ ಮುಂದೆ ಕಾದಿರುವಾಗ ಪರದೆಯು ಸ್ತಬ್ಧವಾಗಿ ನಿಂತರೆ, ದೋಷವು ತಾಲ್ಲೂಕಿನದೋ ಜಿಲ್ಲೆಯದೋ ಬೆಂಗಳೂರಿನ ಸರ್ವರಿನದೋ ಎಂಬ ವಿವಾದವು ಏಳುವುದು ಸಹಜ. ಅದನ್ನು ನಿರ್ಣಯಿಸಲು ಅಭಿಯಂತರರು ಸ್ವಿಚ್ಚಿನ ಒಂದು ಪೋರ್ಟಿನ ಸಂಚಾರವನ್ನೆಲ್ಲ ಮತ್ತೊಂದು ಪೋರ್ಟಿಗೆ ಪ್ರತಿಬಿಂಬಿಸಿ, ದೂರದಲ್ಲಿ ಪರೀಕ್ಷಿಸಬೇಕಾದಾಗ ಆ ಪ್ರತಿಯನ್ನು ಜಿಆರ್‌ಇಯ ಮೇಲೆ ಸಾಗುವ ಈಆರ್‌ಸ್ಪ್ಯಾನ್ ಅಥವಾ ವಿಎಕ್ಸ್‌ಲ್ಯಾನ್ ಎಂಬ ಬಗೆಯ ಟನಲ್ಲಿನೊಳಗೆ ಹೊದಿಸಿ ಕಳುಹಿಸುತ್ತಾರೆ.

ಈ ಪ್ರತಿಯಲ್ಲಿ ಒಂದು ಪ್ಯಾಕೆಟ್ಟು ಕಾಣದಿದ್ದರೆ ಅದು ತಂತಿಯಲ್ಲಿಯೇ ನಷ್ಟವಾಯಿತೆಂದು ತೀರ್ಮಾನಿಸುವುದು ವಾಡಿಕೆಯಾಗಿಬಿಟ್ಟಿದೆ. ನನ್ನ ಮತದಲ್ಲಿ ಇದು ಸಾಕ್ಷಿಯನ್ನು ಪರೀಕ್ಷಿಸದೆಯೇ ಸಾಕ್ಷ್ಯವನ್ನು ಒಪ್ಪಿಕೊಂಡಂತೆ. ಪರೀಕ್ಷೆಯ ಸಾಧನವಾದರೋ ಟಿಸಿಪಿಯಲ್ಲಿಯೇ ಅಡಗಿದೆ. ಪ್ರತಿಯಲ್ಲಿ ಇಲ್ಲದ ದತ್ತಾಂಶಕ್ಕೆ ಗ್ರಾಹಕನು ಸ್ವೀಕೃತಿಯನ್ನು ಕಳುಹಿಸಿರುವುದು ಕಂಡುಬಂದರೆ, ಆ ದತ್ತಾಂಶವು ಗುರಿಯನ್ನು ಮುಟ್ಟಿರುವುದು ನಿಶ್ಚಿತ. ಅದು ಬೇರೆ ಮಾರ್ಗದಿಂದ ಹೋಗಿರಬೇಕು, ಇಲ್ಲವೆ ಪ್ರತಿ ತೆಗೆಯುವಲ್ಲಿ ಬಿದ್ದುಹೋಗಿರಬೇಕು. ಅದಕ್ಕೆ ಬದಲಾಗಿ ಮರುಪ್ರೇಷಣೆಯು ಕಂಡರೆ ನಷ್ಟವು ಬಹುಶಃ ಮಾರ್ಗದ್ದು: ಮೂಲವೂ ಮರುಪ್ರೇಷಿತವೂ ಎರಡೂ ಪ್ರತಿಯಲ್ಲಿದ್ದರೆ ವೀಕ್ಷಣಸ್ಥಾನದಿಂದ ಮುಂದೆ, ಮರುಪ್ರೇಷಿತವೊಂದೇ ಇದ್ದರೆ ಅದಕ್ಕಿಂತ ಹಿಂದೆ. ೧೯೯೮ರಲ್ಲಿ ಈಥೀರಿಯಲ್ ಎಂಬ ಹೆಸರಿನಿಂದ ಹುಟ್ಟಿ ೨೦೦೬ರಲ್ಲಿ ವೈರ್‌ಶಾರ್ಕ್ ಆದ ತಂತ್ರಾಂಶವು ಕಾಣದ ದತ್ತಾಂಶಕ್ಕೆ ಬಂದ ಸ್ವೀಕೃತಿ, ಮರುಪ್ರೇಷಣೆ ಎಂಬ ಇವೆರಡು ಸ್ಥಿತಿಗಳನ್ನು ಬೇರೆ ಬೇರೆಯಾಗಿಯೇ ಗುರುತಿಸಿ ತೋರುತ್ತದೆ. ಆದರೆ ಕೆಂಪು-ಕಪ್ಪು ಸಾಲುಗಳನ್ನು ಕಂಡೊಡನೆ ಗಾಬರಿಗೊಳ್ಳುವವರೇ ಹೆಚ್ಚು, ಓದುವವರು ಕಡಿಮೆ.

ಪ್ರತಿಯ ಲೋಪಕ್ಕೆ ಸರ್ವಸಾಮಾನ್ಯವಾದ ಕಾರಣವು ಅತಿಭಾರ. ೧ ಗಿಗಾಬಿಟ್ಟಿನ ಪೋರ್ಟಿನಲ್ಲಿ ಒಳಗೆ ಬರುವುದೂ ಹೊರಗೆ ಹೋಗುವುದೂ ಏಕಕಾಲದಲ್ಲಿ ನಡೆಯುವುದರಿಂದ ಪ್ರತಿಯು ೨ ಗಿಗಾಬಿಟ್ಟಿನವರೆಗೆ ಏರಬಹುದು. ಅದನ್ನು ಹೊರಬೇಕಾದ ಪೋರ್ಟಾದರೋ ೧ ಗಿಗಾಬಿಟ್ಟಿನದೇ. ಕೋಲಾರದ ಕೆರೆ ತುಂಬಿದಾಗ ತೂಬು ಸಾಲದ ನೀರು ಕೋಡಿಯ ಮೇಲೆ ಹರಿಯುವುದನ್ನು ಏರಿಯ ಮೇಲೆ ನಿಂತವರೆಲ್ಲ ಕಾಣುತ್ತಾರೆ. ಸ್ವಿಚ್ಚಿನ ಕೋಡಿ ಹರಿದದ್ದು ಮಾತ್ರ ಆ ಪೋರ್ಟಿನ ಎಣಿಕೆಯಲ್ಲಿ ಒಂದು ಅಂಕಿಯಾಗಿ ಕುಳಿತಿರುತ್ತದೆ, ಕೇಳಿದವರಿಗೆ ಮಾತ್ರ ಹೇಳುತ್ತದೆ. ಐದು ನಿಮಿಷದ ಸರಾಸರಿಯು ಇಲ್ಲಿ ವಂಚಕ. ಅರೆಕ್ಷಣದ ಉಬ್ಬರದಲ್ಲಿ ಬಿದ್ದುಹೋದದ್ದು ಅದರಲ್ಲಿ ಕಾಣದು.

ತಾಲ್ಲೂಕಿನ ಮಟ್ಟದಲ್ಲಿ ಈ ಅತಿಭಾರವು ಇನ್ನೂ ವಿಲಕ್ಷಣವಾದ ರೂಪವನ್ನು ತಾಳುತ್ತದೆ. ಮುಳಬಾಗಿಲಿನ ಸಂಚಾರವನ್ನು ಕೋಲಾರದಲ್ಲಿ ಕುಳಿತು ನೋಡಬೇಕೆಂದು ಅದರ ಪ್ರತಿಯನ್ನು ಅದೇ ೨ ಮೆಗಾಬಿಟ್ಟಿನ ಸಂಪರ್ಕದ ಮೇಲೆ ಟನಲ್ಲಿನಲ್ಲಿ ಕಳುಹಿಸಿದೆವೆಂದು ಭಾವಿಸೋಣ. ಎರಡೂ ದಿಕ್ಕುಗಳು ಪೂರ್ಣವಾಗಿ ಹರಿಯುತ್ತಿದ್ದರೆ ಪ್ರತಿಯೇ ೪ ಮೆಗಾಬಿಟ್ಟಾಗುತ್ತದೆ. ಅದರೊಡನೆ ಮೂಲದ ಸಂಚಾರವೂ ಆ ೨ರಲ್ಲಿಯೇ ಹೋಗಬೇಕು. ಯಾವ ನಷ್ಟವನ್ನು ಹುಡುಕಲು ಹೊರಟೆವೋ ಅದನ್ನು ಹುಡುಕಾಟವೇ ಉಂಟುಮಾಡಿತು. ಪ್ರತಿಬಿಂಬಿಸುವ ಪೋರ್ಟೂ ಟನಲ್ಲು ಹೊರಹೋಗುವ ಪೋರ್ಟೂ ಒಂದೇ ಆಗಿದ್ದು, ಟನಲ್ಲಿನ ಪ್ಯಾಕೆಟ್ಟುಗಳನ್ನು ಹೊರತುಪಡಿಸದೆ ಬಿಟ್ಟರೆ, ಪ್ರತಿಯ ಪ್ರತಿ, ಅದರ ಪ್ರತಿ ಎಂದು ಸಂಪರ್ಕವು ಕ್ಷಣಮಾತ್ರದಲ್ಲಿ ಉಸಿರುಕಟ್ಟುವುದು. ಆದುದರಿಂದ ಶ್ರೀನಿವಾಸಪುರದಂತಹ ಶಾಖೆಯಲ್ಲಿ ಪ್ಯಾಕೆಟ್ಟುಗಳನ್ನು ಅಲ್ಲಿಯೇ ಕಡತಕ್ಕೆ ಬರೆದು, ಕಚೇರಿ ಮುಚ್ಚಿದ ಬಳಿಕ ತರಿಸಿಕೊಳ್ಳುವುದೇ ಲೇಸು. ತತ್‌ಕ್ಷಣ ನೋಡಲೇಬೇಕೆಂದರೆ ಹೆಡರುಗಳಿಗೆ ಸಾಲುವ ಮೊದಲ ನೂರಿಪ್ಪತ್ತೆಂಟು ಬೈಟುಗಳನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ಕತ್ತರಿಸತಕ್ಕದ್ದು.

ಟನಲ್ಲಿಗೆ ವಿಶಿಷ್ಟವಾದ ವ್ಯಾಧಿಯು ಗಾತ್ರದ್ದು. ಈಥರ್‌ನೆಟ್ಟಿನ ವಾಡಿಕೆಯ ಮಿತಿಯು ೧೫೦೦ ಬೈಟ್. ತನ್ನ ಹೆಡರೂ ಸೇರಿ ೧೫೧೪ ಬೈಟಿನ ತುಂಬಿದ ಫ್ರೇಮಿಗೆ ಈಆರ್‌ಸ್ಪ್ಯಾನಿನ ೮, ಜಿಆರ್‌ಇಯ ೮, ಹೊರಗಿನ ಐಪಿಯ ೨೦ ಕೂಡಿದರೆ ೧೫೫೦ ಆಗುತ್ತದೆ. ವಿಎಕ್ಸ್‌ಲ್ಯಾನಿನಲ್ಲಿ ಅಂಕಿಗಳ ಹಂಚಿಕೆ ಬೇರೆ, ಮೊತ್ತ ಒಂದೇ. ಮಾರ್ಗದ ರೌಟರುಗಳು ಇಷ್ಟನ್ನು ಒಪ್ಪದಿದ್ದರೆ ಪಿಂಗು, ಸ್ವೀಕೃತಿ, ಲಾಗಿನ್ನಿನ ಚಿಕ್ಕ ಪ್ಯಾಕೆಟ್ಟುಗಳೆಲ್ಲ ಸುಖವಾಗಿ ಬಂದು, ಪಹಣಿಯ ಪುಟವನ್ನು ಹೊತ್ತ ದೊಡ್ಡವು ಮಾತ್ರ ಮಾಯವಾಗುತ್ತವೆ. ನಷ್ಟವನ್ನು ಗಾತ್ರಾನುಸಾರವಾಗಿ ಎಣಿಸಿದೊಡನೆ ಇದು ಬಯಲಾಗುತ್ತದೆ: ಅತಿಭಾರವು ಹೊತ್ತನ್ನು ನೋಡಿ ಕೊಲ್ಲುತ್ತದೆ, ಮಿತಿಯು ಗಾತ್ರವನ್ನು ನೋಡಿ. ರೌಟರು ದೊಡ್ಡದನ್ನು ತುಂಡರಿಸಿ ಕಳುಹಿಸಿದರೂ ತೊಡಕು ತಪ್ಪದು. ವಿಎಕ್ಸ್‌ಲ್ಯಾನಿನ ಯುಡಿಪಿ ೪೭೮೯ನ್ನು ಆರಿಸುವ ಸೋಸುಕವು ಮೊದಲ ತುಂಡನ್ನು ಮಾತ್ರ ಹಿಡಿಯುತ್ತದೆ, ಉಳಿದ ತುಂಡುಗಳಲ್ಲಿ ಪೋರ್ಟ್ ಸಂಖ್ಯೆಯೇ ಇಲ್ಲವಾದ್ದರಿಂದ.

ಈಆರ್‌ಸ್ಪ್ಯಾನಿನ ಎರಡನೆಯ ಬಗೆಯಲ್ಲಿ ಒಂದು ಅನುಕೂಲವುಂಟು, ಅದನ್ನು ಉಪಯೋಗಿಸುವವರು ವಿರಳ. ೨೦೦೦ದ ಆರ್‌ಎಫ್‌ಸಿ ೨೮೯೦ ಜಿಆರ್‌ಇಗೆ ಸೇರಿಸಿದ ಅನುಕ್ರಮಸಂಖ್ಯೆಯನ್ನು ಅದು ಹೊತ್ತಿರುತ್ತದೆ. ಸಾಧನವು ಅದನ್ನು ಕ್ರಮವಾಗಿ ಹೆಚ್ಚಿಸುತ್ತ ಬರುವುದಾದರೆ, ಸಂಖ್ಯೆಯಲ್ಲಿ ತೆರಪು ಬಿದ್ದಲ್ಲಿ ನಷ್ಟವು ಟನಲ್ಲಿನ ದಾರಿಯಲ್ಲೋ ಸಂಗ್ರಾಹಕ ಯಂತ್ರದಲ್ಲೋ ಆಗಿದೆ; ಸಂಖ್ಯೆಗಳು ಅಖಂಡವಾಗಿದ್ದೂ ಒಳಗಿನ ಪ್ಯಾಕೆಟ್ಟು ಇಲ್ಲದಿದ್ದರೆ ಅದು ಹೊದಿಕೆಯನ್ನೇ ಕಾಣಲಿಲ್ಲ, ಸ್ವಿಚ್ಚಿನಲ್ಲಿಯೋ ಅದಕ್ಕೂ ಹಿಂದೆಯೋ ಬಿದ್ದಿತು. ಈ ಒಂದು ಎಣಿಕೆಯನ್ನು ಮಾಡದೆ ಹೊಸ ಯಂತ್ರಕ್ಕೆ ಬೇಡಿಕೆ ಬರೆಯುವುದನ್ನು ನಾನು ಅನುಮೋದಿಸಲಾರೆ.

ಉಳಿದ ಕಾರಣಗಳು ಸಂಗ್ರಾಹಕ ಯಂತ್ರದವು. ಟಿಸಿಪಿಡಂಪ್ ಮುಗಿಯುವಾಗ ಕರ್ನಲ್ ಕೈಬಿಟ್ಟ ಪ್ಯಾಕೆಟ್ಟುಗಳ ಸಂಖ್ಯೆಯನ್ನು ತಾನೇ ಮುದ್ರಿಸುತ್ತದೆ; ಅದು ಸೊನ್ನೆಯಲ್ಲದಿದ್ದರೆ ಬಫರನ್ನು ಹಿಗ್ಗಿಸಿ ಮತ್ತೆ ನೋಡತಕ್ಕದ್ದು. ಒಂದೂ ಪ್ಯಾಕೆಟ್ಟು ಬಾರದಿದ್ದರೆ ಸೋಸುಕವನ್ನೇ ಸಂಶಯಿಸಬೇಕು: ವಿಳಾಸದ ಸೋಸುಕವು ಹೊರಹೊದಿಕೆಯ ವಿಳಾಸವನ್ನು ಹೋಲಿಸುತ್ತದೆಯೇ ಹೊರತು ಒಳಗಿನದನ್ನಲ್ಲ, ವಿಲ್ಯಾನ್ ಗುರುತಿನ ೪ ಬೈಟುಗಳು ನಡುವೆ ಬಂದರಂತೂ ಅದು ನೋಡುವ ಸ್ಥಾನವೇ ತಪ್ಪಿಹೋಗುತ್ತದೆ. ಕೊನೆಯದು ಟಿಸಿಪಿಡಂಪಿಗೆ ಕಂಡದ್ದು ವಿಶ್ಲೇಷಕ ತಂತ್ರಾಂಶಕ್ಕೆ ಮುಟ್ಟದಿರುವ ಪ್ರಸಂಗ. ಸಾದಾ ಜಿಆರ್‌ಇಯಿಂದ ಬಿಚ್ಚಿದ ಪ್ಯಾಕೆಟ್ಟಿನ ಮೂಲವಿಳಾಸವು ಮಾಲೂರಿನದು, ಆ ವಿಳಾಸಕ್ಕೆ ಮರಳುವ ದಾರಿಯಾದರೋ ಟನಲ್ಲಿನ ಕಡೆಗಿಲ್ಲ. ಲಿನಕ್ಸಿನ ಆರ್‌ಪಿ-ಫಿಲ್ಟರ್ ಕಟ್ಟುನಿಟ್ಟಿನ ಸ್ಥಿತಿಯಲ್ಲಿದ್ದರೆ ಇಂತಹದನ್ನು ಸದ್ದಿಲ್ಲದೆ ತ್ಯಜಿಸುತ್ತದೆ, ಟಿಸಿಪಿಡಂಪಾದರೋ ಅದಕ್ಕಿಂತ ಮುಂಚೆಯೇ ನೋಡಿಬಿಟ್ಟಿರುತ್ತದೆ. ಟನಲ್ಲಿನ ಇಂಟರ್‌ಫೇಸಿಗೆ ಮಾತ್ರ ಸೊನ್ನೆಯನ್ನಿಟ್ಟರೆ ಸಾಲದು. ಸಮಸ್ತ ಇಂಟರ್‌ಫೇಸುಗಳಿಗೆ ಅನ್ವಯಿಸುವ ಮೌಲ್ಯ ಹಾಗೂ ಟನಲ್ಲಿನ ಮೌಲ್ಯ, ಇವೆರಡರಲ್ಲಿ ದೊಡ್ಡದೇ ಜಾರಿಯಾಗುವುದರಿಂದ ಎರಡನ್ನೂ ಬದಲಿಸಬೇಕು.